ಕೊನೆಗೆ ಉಗಿ

ಟೈಲರ್ ಮಾಸ್ಟರ ಬಾಯಲ್ಲಿ ಉಳಿದ ಹಲ್ಲುಗಳೆಲ್ಲ ಮರ್ಯಾದಸ್ಥವೇ. ಎದುರಿನದೊಂದು ಮಾತ್ರ ಮನೆ ಖಾಲಿ ಮಾಡಲು ಹೊರಟ ಬಾಡಿಗೆದಾರನಂತೆ ಅಲ್ಲಾಡತೊಡಗಿತ್ತು. ಅದರದ್ದೂ ತಪ್ಪಿಲ್ಲ ಬಿಡಿ. ಕೋಟು ಹೊಲಿಯುವ ಈ ಮಹಾನುಭಾವರು ಕತ್ತರಿ ಪಕ್ಕದಲ್ಲೇ ಬಿದ್ದಿದ್ದರೂ ದಾರವನ್ನು ಹಲ್ಲಲ್ಲೇ ಕಡಿಯುವವರು. (ಕತ್ತರಿಗಾದರೆ ಸಾಣೆ ಹಿಡಿಸಬೇಕು, ಹಲ್ಲಿಗೆ ಆ ತಾಪತ್ರಯವಿಲ್ಲ ಎಂಬುದು ಅವರ ಸಿದ್ಧಾಂತ.) ಈಗ ಮಾತ್ರ ಅವರಿಗೆ ನಿಜಕ್ಕೂ ಭಯ ಹತ್ತಿತ್ತು. "ನಿಮ್ಮ ನಗು ನೋಡಿಯೇ ನಾನು ಒಪ್ಪಿದ್ದು" ಎಂದು ಹೆಂಡತಿ ಯಾವ ಕಾಲದಲ್ಲೋ ಹೇಳಿದ್ದಳು. ಒಪ್ಪಿದ್ದಕ್ಕೆ ಇದ್ದ ಆ ಒಂದೇ ಒಂದು ಕಾರಣವೂ ಉದುರಿಹೋದರೆ ಗತಿಯೇನು?

ಹಲ್ಲಿನ ಡಾಕ್ಟರಮ್ಮ ಮುಖಕ್ಕೆ ಮಾಸ್ಕು ಹಾಕಿಕೊಂಡೇ ತೀರ್ಪು ಕೊಟ್ಟರು. "ವಸಡು ಊದಿ ರಕ್ತ ಬರ್ತಿದೆ. ಮುಂದಿನ ತಿಂಗಳು ನೋಡೋಣ. ಗಟ್ಟಿಯಾದ್ರೆ ಸರಿ, ಇಲ್ಲಾಂದ್ರೆ ಕೀಳೋದೇ."

"ಕೀಳೋದಾ?" ಮಾಸ್ಟರ ದನಿಯೂ ಅಲ್ಲಾಡಿತು.

"ಮಲಗೋ ಮುಂಚೆ ಹಲ್ಲು, ಹಲ್ಲುಸಂದಿ ಕ್ರಮವಾಗಿ ಕ್ಲೀನ್ ಮಾಡಿದ್ರೆ ಬೇಕಾಗಲ್ಲ. ಮಕ್ಕಳಿಗೆ ಹೇಳ್ಕೊಡೋ ಹಾಗೆ ಹೇಳ್ತೀನಿ, ಬಾಯಿಪಾಠ ಮಾಡ್ಕೊಳ್ಳಿ: ಮೊದಲು ದಾರ, ಆಮೇಲೆ ಬ್ರಷ್ಷು, ಕೊನೆಗೆ ಉಗಿ! ನೀರು ಮಾತ್ರ ಬೇಡ, ಪೇಸ್ಟಿನ ಗುಣ ತೊಳ್ಕೊಂಡು ಹೋಗತ್ತೆ."

ಮಾಸ್ಟರು ಕುರ್ಚಿಯಲ್ಲೇ ಪುಳಕಿತರಾದರು. ಹೊಲಿದ ಕೋಟಿಗೆ ಅವರು ಮಾಡುವುದೂ ಇದನ್ನೇ ಅಲ್ಲವೆ! ಮೊದಲು ಕಚ್ಚಾದಾರ ಎಳೆದು ತೆಗೆಯುವುದು, ಆಮೇಲೆ ಬ್ರಷ್ಷಿನಿಂದ ಧೂಳು ಝಾಡಿಸುವುದು, ಕೊನೆಗೆ ಇಸ್ತ್ರಿಪೆಟ್ಟಿಗೆಯ ಗುಂಡಿ ಒತ್ತಿ ಬುಸ್ಸೆಂದು ಉಗಿ ಕೊಡುವುದು. ದಂತವೈದ್ಯಶಾಸ್ತ್ರವು ದರ್ಜಿಶಾಸ್ತ್ರದ ಖಾಸಾ ತಮ್ಮನೆಂದು ತೀರ್ಮಾನಿಸಿ, ಎದೆಯುಬ್ಬಿಸಿಕೊಂಡು ಮನೆಗೆ ಬಂದರು.

ಆ ರಾತ್ರಿ ಮೊದಲ ಯುದ್ಧ ದಾರದ ಮೇಲೆ ನಡೆಯಿತು. "ಮೊದಲು ಬ್ರಷ್ಷು ಮಾಡ್ರೀ. ಮನೆ ಗುಡಿಸಿ ಆಮೇಲೆ ತಾನೇ ಮೂಲೆ ಕೆದಕೋದು?" ಎಂದಳು ಹೆಂಡತಿ.

"ಮೂಲೇದು ಹೊರಗೆಳೆದು ಆಮೇಲೆ ಗುಡಿಸಿದ್ರೆ ಒಂದೇ ಸಲಕ್ಕೆ ಮುಗಿಯತ್ತೆ ಕಣೇ."

"ಅದೂ ಸರಿಯೇ" ಎಂದಳು ಹೆಂಡತಿ. ಮದುವೆಯಾದಾಗಿನಿಂದ ಮಾಸ್ಟರು ಗೆದ್ದ ಮೊದಲ ವಾದ ಇದು. ಆ ಅಮಲಿನಲ್ಲೇ ಹಲ್ಲುಸಂದಿಗೆಲ್ಲ ದಾರ ಎಳೆದು, ನೊರೆಯುಕ್ಕುವಂತೆ ಹಲ್ಲುಜ್ಜಿ, ಅಂಗಡಿಯಿಂದ ತಂದಿದ್ದ ಇಸ್ತ್ರಿಪೆಟ್ಟಿಗೆಯನ್ನು ಪಳಗಿದ ಕೈಯಿಂದ ಮುಖಕ್ಕೆ ಮೊಳ ದೂರದಲ್ಲಿ ಹಿಡಿದರು.

"ಅಯ್ಯಯ್ಯೋ! ಅದೇನ್ರೀ ಅದು?"

"ಡಾಕ್ಟರಮ್ಮ ಹೇಳಿದಾರೆ. ಕೊನೆಗೆ ಉಗಿ." (ನೊರೆಯ ನಡುವೆ ಅದು "ಉಹಿ" ಎಂದು ಕೇಳಿಸಿತು.)

"ಉಗಿಯೋಕೆ ಇಸ್ತ್ರಿಪೆಟ್ಟಿಗೆ ಯಾಕ್ರೀ? ಬೇಸಿನ್ ಇಲ್ವಾ?"

"ಬೇಸಿನ್ನಿಂದ ಎಲ್ಲಾದ್ರೂ ಉಗಿ ಬರತ್ತೇನೇ?"

"ಬರೋದಲ್ಲ, ಬೇಸಿನ್ನಿಗೆ ಹೋಗೋದು! ಕೆಳಕ್ಕೆ!"

"ನಿನಗೆ ವಿಜ್ಞಾನ ಗೊತ್ತಿಲ್ಲ. ಉಗಿ ಯಾವತ್ತಿದ್ರೂ ಮೇಲಕ್ಕೇ ಹೋಗೋದು."

ಹೆಂಡತಿ ಹಣೆ ಚಚ್ಚಿಕೊಂಡು ಮಲಗಲು ಹೋದಳು. ಮಾಸ್ಟರು ಬಾಯಿ ತೆರೆದುಕೊಂಡು ಕೂತರು. ಅತ್ತ ಬುಸ್ಸೆಂದು ಉಗಿ ಬರುತ್ತಿತ್ತು, ಇತ್ತ ನೊರೆ ತನ್ನಷ್ಟಕ್ಕೆ ಟವೆಲಿನ ಮೇಲೆ ಇಳಿಯುತ್ತಿತ್ತು. ನೀರನ್ನು ಮಾತ್ರ ಅವರು ಮುಟ್ಟಲಿಲ್ಲ. ದಿನಾ ಇದೇ ವ್ರತ.

ಆಶ್ಚರ್ಯವೆಂದರೆ, ಕೆಲವೇ ದಿನಗಳಲ್ಲಿ ರಕ್ತ ನಿಂತಿತು. ನಾಲಿಗೆಯಿಂದ ತಳ್ಳಿದರೂ ಹಲ್ಲು ಜಪ್ಪಯ್ಯ ಎನ್ನಲಿಲ್ಲ. ಮಾಸ್ಟರಿಗಾದ ಸಂತೋಷ ಒಂದು ಬಾಯಿಯೊಳಗೆ ಹಿಡಿಸುವಂಥದ್ದಲ್ಲ. ಅಂಗಡಿಗೆ ಬಂದವರ ಎದೆಸುತ್ತಳತೆ ತೆಗೆಯುತ್ತಲೇ ಅವರ ಹಲ್ಲಿನ ಯೋಗಕ್ಷೇಮ ವಿಚಾರಿಸತೊಡಗಿದರು. "ದಾರ, ಬ್ರಷ್ಷು, ಉಗಿ. ಇಸ್ತ್ರಿಪೆಟ್ಟಿಗೆ ಇಲ್ವಾ? ನೀರು ಕಾಯಿಸೋ ಕೆಟಲ್ ಆದ್ರೂ ಸಾಕು" ಎಂದು ಉಚಿತ ಸಲಹೆ ಬೇರೆ. ಅಂಚೆಯವನು, ಬೇಕರಿಯವನು, ಬ್ಯಾಂಕಿನ ಕ್ಯಾಷಿಯರು ಎಲ್ಲರೂ ತಲೆಯಾಡಿಸಿಕೊಂಡು ಹೋದರು.

ತಿಂಗಳು ಕಳೆದು ಗಂಡಹೆಂಡಿರಿಬ್ಬರೂ ಡಾಕ್ಟರಮ್ಮನ ಬಳಿ ಹೋದರು. ಆಕೆ ವಸಡು ಒತ್ತಿ ನೋಡಿ, "ಭೇಷ್! ಹಲ್ಲು ಉಳೀತು" ಎಂದರು. ಹೆಂಡತಿಗೆ ಕಣ್ಣು ತುಂಬಿತು. ಮಾಸ್ಟರು ಹಲ್ಲೆಲ್ಲ ಕಾಣುವಂತೆ ನಕ್ಕರು.

"ಎಲ್ಲರೂ ನಿಮ್ಮ ಥರ ಹೇಳಿದ್ದು ಕೇಳಿದ್ರೆ ಎಷ್ಟು ಚೆನ್ನ! ಈ ವಾರವೆಲ್ಲ ಬರೀ ಮೂಗು ಬೇಯಿಸ್ಕೊಂಡೋರು, ತುಟಿ ಸುಟ್ಕೊಂಡೋರೇ ಬರ್ತಿದಾರೆ. ಯಾವನೋ ಅತಿಬುದ್ಧಿವಂತ, ಹಲ್ಲಿಗೆ ಉಗಿ ಕೊಡಿ ಅಂದನಂತೆ. ನಾನು ಹೇಳೋದು ಉಗೀರಿ ಅಂತ. ಉಗುಳಿ ಅಂತ ಕಣ್ರೀ! ಥೂ ಅಂತ!"

ಮಾಸ್ಟರ ನಗು ಇದ್ದಲ್ಲೇ ಹೆಪ್ಪುಗಟ್ಟಿತು. ಹೆಂಡತಿ ಒಂದು ಬೆರಳನ್ನು ನಿಧಾನವಾಗಿ ಗಂಡನ ಕಡೆ ತೋರಿಸಿದಳು.

ಬಾಗಿಲು ತೆರೆದು ಹೊರಗೆ ಬಂದರೆ, ಬೆಂಚಿನ ಮೇಲೆ ಕೆಂಪು ಮೂಗುಗಳ ಸಾಲು: ಅಂಚೆಯವನು, ಬೇಕರಿಯವನು, ಬ್ಯಾಂಕಿನ ಕ್ಯಾಷಿಯರು. ಒಳಗಿನ ಮಾತೆಲ್ಲ ಅವರಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಮಾಸ್ಟರು ಉಳಿದ ಹಲ್ಲನ್ನೇ ಮುಂದೆ ಮಾಡಿ ಒಮ್ಮೆ ನಕ್ಕು ನೋಡಿದರು. ಯಾರೂ ತಿರುಗಿ ನಗಲಿಲ್ಲ.

ಎಲ್ಲರೂ ಎದ್ದು ನಿಂತು, ಕ್ರಮ ತಪ್ಪದೆ, ಒಬ್ಬರಾದ ಮೇಲೊಬ್ಬರು ಅವರಿಗೆ ಚೆನ್ನಾಗಿ ಉಗಿದರು. ಕೊನೆಗೆ ಹೆಂಡತಿಯೂ ಉಗಿದಳು. ನೀರು ಮಾತ್ರ ಯಾರೂ ಕೊಡಲಿಲ್ಲ.