ಕಾಕಾನ ಹಲಸಿನ ಕೊರಡು

ಜೋಳಕ್ಕೆ ನುಸಿ ಬಿದ್ದರೆ ಮೊರ ಹಿಡಿಯಬಹುದು. ಮರಕ್ಕೆ ಹುಳ ಹತ್ತಿದರೆ ತಲೆ ಹಿಡಿದುಕೊಂಡು ಕೂರುವುದೊಂದೇ ದಾರಿ. ಅದಕ್ಕೇ ವಾದ್ಯ ಮಾಡುವವರ ಅರ್ಧ ಆಯುಷ್ಯ ಹುಳ ಹತ್ತದಂತೆ ಕಾಯುವುದರಲ್ಲೇ ಹೋಗುತ್ತದೆ, ಕಾಯುವವರಿಗೆ ಒಂದಲ್ಲ ಒಂದು ಫಜೀತಿ ತಪ್ಪಿದ್ದಲ್ಲ. ಭಾಗ್ಯನಗರದ ನಮ್ಮ ಅಂಗಡಿಗೆ ಈಗ ಔಷಧ ಹೊಡೆದ ಮರವೇ ಬರುತ್ತದೆ, ಹುಳವೂ ಇಲ್ಲ, ನಗುವೂ ಇಲ್ಲ. ನನಗೆ ಉಳಿ ಹಿಡಿಯಲು ಕಲಿಸಿದ ಕಾಕಾ ಇದ್ದಾಗ ಹಾಗಿರಲಿಲ್ಲ. ದೂರದಿಂದ ತರಿಸಿದ ಒಂದು ಹಲಸಿನ ಕೊರಡನ್ನು ಅವನು ವರ್ಷಗಟ್ಟಲೆ ಒಣಗಿಸುತ್ತಿದ್ದ. ಕಣ್ಣು ಮಂಜಾಗುವ ಮೊದಲು ಅದರಲ್ಲೊಂದು ತಂಬೂರಿ ಮಾಡಬೇಕು ಎಂಬುದೊಂದೇ ಅವನ ಆಸೆ.

ನೀರಿಗಿಳಿದ ಬೇವು

ಹಸಿ ಮರವನ್ನು ಕೆಲವು ವಾರ ನೀರಲ್ಲಿ ಮುಳುಗಿಸಿಟ್ಟರೆ ಒಳಗಿನ ಸಿಹಿ ಇಳಿದು ಹುಳಕ್ಕೆ ರುಚಿ ಸಿಗುವುದಿಲ್ಲ ಎನ್ನುತ್ತಿದ್ದ ಕಾಕಾ. ಬೇವಿನೊಳಗೂ ಸಿಹಿ ಇರುತ್ತದಂತೆ! ತಬಲಾಕ್ಕೆಂದು ಕೊಂಡ ಬೇವಿನ ಕೊರಡನ್ನು ನವಲಿಯಲ್ಲಿ ಪರಿಚಯದವರ ಹೊಂಡದಲ್ಲಿ ಕಲ್ಲು ಹೇರಿ ಮುಳುಗಿಸಿ ಬಂದೆವು. ತರಲು ಹೋದಾಗ ಹೊಂಡದ ನೀರು ಇಳಿದಿತ್ತು, ಹೆಣ್ಣುಮಕ್ಕಳು ಕೊರಡಿನ ಮೇಲೆ ಸಾಬೂನು ತಿಕ್ಕಿ ಬಟ್ಟೆ ಒಗೆಯುತ್ತಿದ್ದರು.

"ಯಕ್ಕಾರ, ಅದು ನಮ್ಮ ಮರ ಐತ್ರಿ" ಅಂದ ಕಾಕಾ.

"ನಿಮ್ದಾಗಿದ್ರ ನಿಮ್ಮ ಮನ್ಯಾಗ ಇಟ್ಗೋಬೇಕಿತ್ತು. ಕಲ್ಲಿನ ಮ್ಯಾಲೆ ಒಗದ್ರ ಸೀರಿ ಹರೀತಾವ, ಇದರ ಮ್ಯಾಲೆ ಒಂದೂ ಹರದಿಲ್ಲ."

ನಾವು ಏರಿಗೆಳೆದರೆ ಅವರು ನೀರಿಗೆಳೆದರು. ನುಣ್ಣನೆಯ ಚಪ್ಪಡಿಯೊಂದನ್ನು ತಂದು ಹಾಕಿದ ಮೇಲೇ ನಮ್ಮ ಮರ ನಮಗೆ ಸಿಕ್ಕಿತು. ತಬಲಾ ಒಯ್ದ ಗಿರಾಕಿ ಬೇಸಿಗೆಯಲ್ಲಿ ಮತ್ತೆ ಬಂದ. "ನಾದ ಭಾಳ ಛಲೋ ಐತ್ರಿ. ಬೆವರ ಕೈಲೆ ಹಿಡದ್ರ ಮಾತ್ರ ನೊರಿ ಬರತೈತಿ!"

ಬೇವಿನೆಣ್ಣೆಯ ಕನ್ಯಾಪರೀಕ್ಷೆ

ಒಣಗುವ ಕೊರಡುಗಳ ತುದಿಗೆ ಕಾಕಾ ಬೇವಿನೆಣ್ಣೆ ಬಳಿಯುತ್ತಿದ್ದ. ಆ ನಾತಕ್ಕೆ ಹುಳವಷ್ಟೇ ಅಲ್ಲ, ಗಿರಾಕಿಯೂ ಹತ್ತಿರ ಸುಳಿಯುತ್ತಿರಲಿಲ್ಲ. ಕನ್ಯೆ ನೋಡಲು ಹೊರಟಿದ್ದ ಅಳವಂಡಿಯ ಭಜನಾ ಹಾಡುಗಾರನೊಬ್ಬ ಹಾರ್ಮೋನಿಯಂ ರಿಪೇರಿ ವಿಚಾರಿಸಲು ಬಂದ. ನೆಗಡಿಯಾಗಿ ಮೂಗು ಕಟ್ಟಿತ್ತು. ಬಿಳಿ ಪ್ಯಾಂಟಿನಲ್ಲಿ ಸೀದಾ ಕೊರಡಿನ ಮೇಲೆ ಕೂತ. ಬಸ್ಸಿಗೆ ಹೊತ್ತಾಗಿದ್ದರಿಂದ ಹಾಗೇ ಎದ್ದು ಓಡಿದ. ಸಂಬಂಧ ಕೆಟ್ಟಿತು ಅಂದುಕೊಂಡೆವು. ಮುಂದಿನ ವಾರ ಪೇಢೆ ಹಿಡಿದು ಬಂದ!

"ಹುಡುಗಿ ಅಪ್ಪ ನನ್ನ ವಾಸನಿ ನೋಡಿ, ಹತ್ತಿಗೆ ಹುಳದ ಎಣ್ಣಿ ಹೊಡದು ಸೀದಾ ಹೊಲದಿಂದ ಬಂದಾನ, ಕಷ್ಟಪಡೋ ಹುಡುಗ ಅಂತ ಒಪ್ಪಿಬಿಟ್ರು."

"ಛಲೋನ ಆತಲ್ಲೋ!" ಅಂದ ಕಾಕಾ.

"ಏನ್ ಛಲೋ ರಿ? ಸೋಮವಾರ ಹೊಲ ನೋಡಾಕ ಬರ್ತಾರಂತ. ನಿಮ್ಮ ಪೈಕಿ ಯಾರದರ ಹತ್ತಿ ಹೊಲ ಐತೇನ್ರಿ?"

ಕೊರಡಿನೊಳಗಿನ ಸದ್ದು

ಒಳಗೆ ಹುಳ ಕೊರೆಯುತ್ತಿದ್ದರೆ ಮರಕ್ಕೆ ಕಿವಿ ಕೊಟ್ಟರೆ ಗೊತ್ತಾಗುತ್ತದೆ. ಪ್ರತಿ ಅಮಾವಾಸ್ಯೆಗೆ ಕಾಕಾ ಹಲಸಿನ ಕೊರಡನ್ನು ಎರಡೂ ಕೈಯಿಂದ ತಬ್ಬಿ, ಕಣ್ಣು ಮುಚ್ಚಿ ಕೇಳುತ್ತಿದ್ದ. ಒಂದು ಮಧ್ಯಾಹ್ನ ಅವನ ಮುಖ ಬಾಡಿತು.

"ಟಕ್ ಟಕ್ ಅನ್ನಾಕತ್ತೈತೋ. ಹುಳ ಹೊಕ್ಕಾವ."

ಅವನು ತಬ್ಬಿದಂತೆಯೇ ಇದ್ದ, ನಾನು ಈ ತುದಿಗೆ ಕಿವಿಯಿಟ್ಟೆ. ಹೌದು, ಟಕ್ ಟಕ್. ಬಿಟ್ಟರೆ ಅಂಗಡಿಯ ಮರಕ್ಕೆಲ್ಲ ಹಬ್ಬುತ್ತದೆ, ಸುಡಲೇಬೇಕು. ಅಂಗಳದಲ್ಲಿ ತೊಗರಿ ಕಟ್ಟಿಗೆ ಒಟ್ಟಿದೆವು. ಕಾಕಾನ ಕಣ್ಣು ತುಂಬಿ ಬಂತು.

ಒಳಗಿಂದ ಕಾಕಿ ಬಂದಳು. "ಬೆಂಕಿ ಹಚ್ಚೂಕಿಂತ ಮೊದ್ಲ ಅಳಿಯಾರು ಕೊಟ್ಟ ಹೊಸ ವಾಚ್ ಬಿಚ್ಚಿ ಕೊಡ್ರಿ, ಹೊಗಿ ಹತ್ತೀತು."

ಕಾಕಾ ಬಿಚ್ಚಿ ಕೊಟ್ಟ. ಕಡೆಯ ಸಲ ಎಂದು ಕೊರಡನ್ನು ತಬ್ಬಿದ. ಸದ್ದೇ ಇಲ್ಲ!

"ಸತ್ತಾವ! ಬೆಂಕಿ ಪೆಟಗಿ ನೋಡೇ ಸತ್ತಾವ!" ಎಂದು ಕುಣಿದ. ಕಾಕಿಗೆ ಚಹಾ ಮಾಡಲು ಹೇಳಿದ, ವಾಚು ಇಸಿದುಕೊಂಡು ಕಟ್ಟಿಕೊಂಡ. ಸಂತೋಷಕ್ಕೆ ಇನ್ನೊಮ್ಮೆ ತಬ್ಬಿದ. ಮುಖ ಮತ್ತೆ ಇಳಿಯಿತು. "ಎದ್ದಾವ!"

ಕಾಕಿ ಅವನ ಕೈಹಿಡಿದು ಮಣಿಕಟ್ಟನ್ನು ಅವನದೇ ಕಿವಿಗೆ ಹಚ್ಚಿದಳು. "ಕೇಳ್ರಿ, ನಿಮ್ಮ ಹುಳ ಇಲ್ಲಿ ಅದಾವ."

ಕಾಕಾ ಸೋಲು ಒಪ್ಪುವ ಪೈಕಿಯಲ್ಲ. "ವಾಚಿನ ಸದ್ದು ಈ ತುದಿಯಿಂದ ಆ ತುದಿ ಮುಟ್ಟತೈತಿ ಅಂದ್ರ ಎಂಥಾ ಮರ ನೋಡು!" ಎಂದು ಮರುದಿನವೇ ಉಳಿ ಹಿಡಿದ. ಅಂಥ ಸಿಹಿ ನಾದದ ತಂಬೂರಿ ನಾನು ಮತ್ತೆ ಕೇಳಿಲ್ಲ. ಅದು ಮುಗಿಯುವವರೆಗೂ ಕಾಕಿ ವಾಚನ್ನು ಮಾತ್ರ ಅವನ ಕೈಗೆ ಕೊಡಲಿಲ್ಲ. ಅವನು ಟೈಮ್ ಎಷ್ಟಾತು ಎಂದು ಕೇಳಿದರೆ, ಅಡುಗೆಮನೆಯಿಂದಲೇ ಕೂಗುತ್ತಿದ್ದಳು:

"ಹುಳ ಇನ್ನೂ ಮಲಗ್ಯಾವ್ರಿ, ಎದ್ದ ಮ್ಯಾಲೆ ಕೇಳಿ ಹೇಳ್ತೀನಿ!"