ಸೌಟಿನ ಹಿಂದಿನ ಸಿಂಹ

ಹಳೇ ಬೆಳ್ಳಿಯ ಮುದ್ರೆ ಓದುವುದು ನನ್ನ ಕೆಲಸ ಎಂದು ಒಮ್ಮೆ ಬಾಯಿಬಿಟ್ಟರೆ ಸಾಕು, ಇಂಥ ಪ್ರಸಂಗಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಪ್ಯಾರಮಟ್ಟಾದ ಹರಾಜು ಅಂಗಡಿಯೊಂದರಲ್ಲಿ ಡಚ್ ಬೆಳ್ಳಿ ನೋಡುವವನು ನಾನು. ಸಾಮಾನಿನ ಹಿಂದೆ ಸಾಸಿವೆಯಷ್ಟು ಗುರುತುಗಳಿರುತ್ತವೆ. ಸಿಂಹ ಇದ್ದರೆ ಬೆಳ್ಳಿ ಅಸಲಿ. ಶಿರಸ್ತ್ರಾಣ ತೊಟ್ಟ ದೇವತೆಯ ತಲೆ ಇದ್ದರೆ ಸರ್ಕಾರ ಪರೀಕ್ಷಿಸಿದೆ. ನನಗೆ ಆರು ತಿಂಗಳ ಪ್ರೊಬೇಷನ್. ಖಾಯಂ ಆಗದಿದ್ದರೆ ಮತ್ತೆ ಕಾಲ್ ಸೆಂಟರ್.

೧. ಲಿವರ್‌ಪೂಲ್ ಅಂಕಲ್

ಇಲ್ಲೇ ಲಿವರ್‌ಪೂಲ್ ಎಂಬ ಬಡಾವಣೆಯಲ್ಲಿರುವ ಮಂಗಳೂರಿನ ಅಂಕಲ್ ಒಬ್ಬರು ಸಕ್ಕರೆ ಚಮಚ ತಂದರು. ಎರಡು ವರ್ಷದಿಂದ ಅದು ಅವರ ಮನೆಯ ಪ್ರಾರ್ಥನಾಪೀಠ ಆಲ್ತಾರಿನಲ್ಲಿ, ಶಿಲುಬೆಯ ಪಕ್ಕ ಇತ್ತಂತೆ. ಜೊತೆಗೊಂದು ಭೂತಗನ್ನಡಿ, ಪ್ರಾರ್ಥನೆಗೆ.

"ಈ ತಲೆ ಯಾವ ಸಂತರದ್ದು ಮಾರಾಯ್ರೆ?"

"ಸಂತರಲ್ಲ ಅಂಕಲ್. ರೋಮನ್ ದೇವತೆ. ಸರ್ಕಾರದ ಸೀಲ್."

ಅಂಕಲ್ ಚಮಚ ತಿರುಗಿಸಿ ಮತ್ತೊಮ್ಮೆ ನೋಡಿದರು. "ನಾವು ಈ ದೇಶದಲ್ಲಿ ಖಾಯಂ ಇರ್ಲಿಕ್ಕೆ ಪಿಆರ್ ಕೇಳಿಕೊಂಡದ್ದು ಇವರ ಹತ್ರವೇ. ಬಂತು ಸಹ." ಚಮಚವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡರು. "ಸಿಟಿಜನ್‌ಶಿಪ್ ಆಗುವವರೆಗೆ ಅಲ್ಲೇ ಇರ್ಲಿ."

೨. ಹನ್ನೆರಡು ಚಮಚ

ಬಾಸ್ ಜೊತೆ ಮೆಲ್ಬರ್ನ್‌ಗೆ ಹೋಗಿದ್ದೆ. ಒಂದು ಮನೆಯಲ್ಲಿ ಹನ್ನೆರಡು ಚಮಚ. ಲೆನ್ಸ್ ಹಿಡಿದು ನೋಡಿದರೆ ಹನ್ನೆರಡರಲ್ಲೂ ಸಿಂಹದ ಪಕ್ಕ ಕೆಂಪಗೆ, ಮಸುಕಾಗಿ ಒಂದೇ ಗುರುತು. "ಎಲ್ಲ ಒಬ್ಬನೇ ಅಕ್ಕಸಾಲಿಗನದು, ಯಾವ ಪುಸ್ತಕದಲ್ಲೂ ಇಲ್ಲದವನು" ಎಂದೆ.

ಬಾಸ್ ನನ್ನ ಲೆನ್ಸ್ ಇಸಿದುಕೊಂಡು ಬಟ್ಟೆಯಲ್ಲಿ ಒರೆಸಿ ನೋಡಿದರು. ಅಕ್ಕಸಾಲಿಗ ಹೋಗಿಬಿಟ್ಟಿದ್ದ. ಬೆಳಗ್ಗೆ ನಾನು ದೋಸೆಗೆ ಚಟ್ನಿಪುಡಿ ಹಾಕಿಕೊಂಡಿದ್ದೆ.

೩. ಕ್ವೇಕರ್ಸ್ ಹಿಲ್ ಆಂಟಿ

ಪ್ರೊಬೇಷನ್ನಿನ ಕೊನೇ ವಾರ. ಪಕ್ಕದ ಕ್ವೇಕರ್ಸ್ ಹಿಲ್ ಬಡಾವಣೆಯಲ್ಲಿರುವ ಬೆಂಗಳೂರಿನ ಆಂಟಿ ಒಬ್ಬರು ಗರಾಜ್ ಸೇಲ್‌ನಲ್ಲಿ ಸಿಕ್ಕಿದ ಸೌಟಿನ ಫೋಟೋ ಕಳಿಸಿದರು. ಸಿಂಹ, ತಲೆ, ವರ್ಷ ಸೂಚಿಸುವ ಅಕ್ಷರ, ಮಾಡಿದವನ ಮುದ್ರೆ, ಎಲ್ಲ ಸ್ಪಷ್ಟ. ಇದು ಹರಾಜಿಗೆ ಬಂದರೆ ಕೆಲಸ ಖಾಯಂ ಎಂದರು ಬಾಸ್. ನಾನು ಮನೆಗೆ ಮೈಸೂರುಪಾಕ್ ಒಯ್ದೆ.

ಶನಿವಾರ ಆಂಟಿ ಸೌಟು ತಂದರು. ಹಿಂಬದಿಯೆಲ್ಲ ಕನ್ನಡಿಯ ಹಾಗೆ ನುಣ್ಣಗೆ. ಸಿಂಹವಿದ್ದ ಜಾಗದಲ್ಲಿ ಕನ್ನಡದಲ್ಲಿ ಕೆತ್ತಿದ ಆಂಟಿಯ ಮತ್ತು ಅವರ ಯಜಮಾನರ ಹೆಸರು.

"ಆಂಟಿ, ಇಲ್ಲಿದ್ದ ಗುರುತು?"

"ಯಾರ್ದೋ ಹೆಸರಿತ್ತಪ್ಪ, ಟ್ರೋಫಿ ಅಂಗಡೀಲಿ ಉಜ್ಜಿಸಿ ನಮ್ಮದು ಹಾಕಿಸ್ದೆ. ಹರಾಜಲ್ಲಿ ಹತ್ತು ಜನರ ಸೌಟು ಸೇರತ್ತೆ, ಅದಲುಬದಲಾದ್ರೆ? ಮದುವೆ ಮನೆಗೆ ಪಾತ್ರೆ ಕೊಡುವಾಗ ಹೆಸರಿಲ್ದೆ ಕೊಡ್ತೀವಾ?"

ಬಾಸ್ ಬಂದು ಲೆನ್ಸ್ ಹಚ್ಚಿ ಬಹಳ ಹೊತ್ತು ನೋಡಿದರು. ಇಂಥ ಮುದ್ರೆ ತಾನು ಕಂಡೇ ಇಲ್ಲ, ಯಾವ ಊರಿನದು ಎಂದು ಕೇಳಿದರು.

"ಕ್ವೇಕರ್ಸ್ ಹಿಲ್" ಎಂದೆ.

ಬಾಸ್ ಲೆನ್ಸ್ ಕೆಳಗಿಟ್ಟು ಒಳಗೆ ಹೋದರು. ನನ್ನ ಮುಖ ನೋಡಿ ಆಂಟಿಗೆ ಕನಿಕರವಾಯಿತು.

"ನಿನ್ ಲೆನ್ಸ್ ಮೇಲೂ ಹೆಸರು ಹಾಕಿಸ್ಕೊಳಪ್ಪ" ಎಂದರು. "ಕೆಲಸ ಬಿಟ್ಟು ಹೋಗುವಾಗ ಯಾವ್ದು ನಿಂದು ಅಂತ ಗೊತ್ತಾಗತ್ತೆ."