ಡೀಸೆಲಣ್ಣನ ಕರೆಂಟ್ ಕಾರು

ಬೆಳಿಗ್ಗೆ ಬಾಗಿಲು ತೆರೆದವನಿಗೆ ಮೊದಲು ಕಂಡದ್ದು ಕಾರಿನ ಗಾಜು. ಎಳೆಬಿಸಿಲಿನಲ್ಲೂ ಮಂಜು ಹಿಡಿದು ಬೆವರುತ್ತಿತ್ತು. ಮುಟ್ಟಿದರೆ ಕೈ ಕೊರೆಯಿತು. ಡೀಸೆಲಣ್ಣನ ಎದೆ ಅದಕ್ಕಿಂತ ತಣ್ಣಗಾಯಿತು.

ಇಂಧನ ಇಲಾಖೆಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದೇ ಹಾಗೆ. ಡೀಸೆಲ್ ಗಾಡಿಗಳ ಗುಡುಗಿನಲ್ಲೇ ಅರ್ಧ ಆಯಸ್ಸು ಕಳೆದ ಡ್ರೈವರು. ಗುಡುಗಿದರೆ ಇಂಜಿನ್ ಚಾಲೂ, ಸುಮ್ಮನಾದರೆ ಬಂದ್. ಅವನ ಕಿವಿ ಕಲಿತ ವಿದ್ಯೆ ಇಷ್ಟೇ. ನಿನ್ನೆ ಸಂಜೆ ಇಂಧನ ಮಂತ್ರಿಗಳ ಹೊಸ ಕರೆಂಟ್ ಕಾರನ್ನು ಮನೆಗೆ ತಂದು, ಬೀದಿಯವರನ್ನೆಲ್ಲ ಸರದಿಯಂತೆ ಕೂರಿಸಿ ಎಸಿಯ ಸುಖ ತೋರಿಸಿದ್ದ. ಎಲ್ಲರೂ ಇಳಿದ ಮೇಲೆ ಕಿವಿಗೊಟ್ಟು ಕೇಳಿದ. ಸದ್ದಿಲ್ಲ. ಬಂದ್ ಆಗಿದೆ ಎಂದು ಹೋಗಿ ಮಲಗಿದ. ಕಾರು ಮಾತ್ರ ರಾತ್ರಿಯಿಡೀ ಖಾಲಿ ಸೀಟುಗಳಿಗೆ ಗಾಳಿ ಬೀಸುತ್ತ ಬ್ಯಾಟರಿ ಬರಿದು ಮಾಡಿಕೊಂಡು ಕೂತಿತ್ತು.

ಅದೂ ಎಂಥ ದಿನ! ಇವತ್ತು ದೇಶದ ಹೊಸ ಇಂಧನ ನೀತಿಯ ಘೋಷಣೆ. ಎಣ್ಣೆಗಾಗಿ ಪರದೇಶದವರ ಬಾಗಿಲು ಕಾಯುವುದು ಇನ್ನು ಸಾಕು, ಸರ್ಕಾರದ ಗಾಡಿಗಳೇ ಮೊದಲು ಬದಲಾಗಲಿ ಎಂಬುದು ಅದರ ಸಾರ. ಇಲಾಖೆಯ ಡೀಸೆಲ್ ಕಾರುಗಳು ಮುಂದಿನ ವಾರ ಹರಾಜಿಗೆ, ಅವುಗಳ ಡ್ರೈವರುಗಳು ಮನೆಗೆ. ಕರೆಂಟ್ ಕಾರು ಓಡಿಸುವವನೊಬ್ಬನ ಕೆಲಸ ಮಾತ್ರ ಉಳಿಯಲಿತ್ತು.

"ರೀ, ಅಡುಗೆಮನೆ ಪ್ಲಗ್ಗಿಗೆ ಹಾಕಿ. ಬಂದಷ್ಟು ಬರ್ಲಿ," ಎಂದಳು ಹೆಂಡತಿ.

ಕಿಟಕಿಯಿಂದ ವೈರು ಎಳೆದು ಸಿಕ್ಕಿಸಿದ. ಢಬ್ ಎಂದಿತು. ಅವನ ಮನೆಯ ಜೊತೆಗೆ ಇಡೀ ಬೀದಿಯ ಕರೆಂಟೇ ಹೋಯಿತು.

ಎದುರುಮನೆಯ ನಿವೃತ್ತ ಮೇಷ್ಟ್ರು ನಿಂತುಹೋದ ಕರೆಂಟ್ ರೇಜರ್ ಹಿಡಿದು ಅರ್ಧ ಗಡ್ಡ ಬೋಳಿಸಿದ ಮುಖದಲ್ಲೇ ಓಡಿಬಂದರು. "ಏನಯ್ಯಾ, ದೇಶ ಉದ್ಧಾರ ಮಾಡೋಕೆ ನಮ್ಮ ಬೀದಿನೇ ಬೇಕಿತ್ತಾ? ಅರ್ಧ ಗಡ್ಡ ಇಟ್ಕೊಂಡು ನಾನು ಯಾರ ಮುಂದೆ ಓಡಾಡ್ಲಿ?"

"ಮೇಷ್ಟ್ರೇ, ನಿನ್ನೆ ಎಲ್ಲರಿಗಿಂತ ಜಾಸ್ತಿ ಹೊತ್ತು ಗಾಳಿ ಕುಡಿದೋರು ನೀವೇ!"

"ಕುಡಿದೆ. ಆಫ್ ಮಾಡೋ ಕೆಲಸಾನೂ ನನ್ನದೇನು?"

ಡೀಸೆಲಣ್ಣ ವೈರು ಕಿತ್ತೆಸೆದು ಕಾರು ಹತ್ತಿದ. ಬ್ಯಾಟರಿಯ ಸೂಚಕ ಕೆಂಪಿಗಿಳಿದು ಕೊನೆಯುಸಿರೆಳೆಯುವವರಂತೆ ಮಿಟುಕುತ್ತಿತ್ತು. ಎಸಿ ಆರಿಸಿ, ರೇಡಿಯೋ ಆರಿಸಿ, ತನ್ನ ಉಸಿರನ್ನೂ ಅರ್ಧ ಬಿಗಿಹಿಡಿದು ಮಂತ್ರಿಗಳ ಮನೆಗೆ ಹೊರಟ.

ಮಂತ್ರಿಗಳು ಹಿಂದೆ ಕೂತು ಕಣ್ಣು ಮುಚ್ಚಿದರು; ಭಾಷಣವನ್ನು ಮನಸ್ಸಿನಲ್ಲೇ ಒಪ್ಪಿಸಿಕೊಳ್ಳುವುದು ಅವರ ಅಭ್ಯಾಸ. ಮುಂದೆ ಕೂತ ಆಪ್ತ ಸಹಾಯಕನಿಗೆ ಡೀಸೆಲಣ್ಣ ಕಣ್ಣಲ್ಲೇ ಕೆಂಪು ದೀಪ ತೋರಿಸಿದ. ಸಹಾಯಕನ ಮುಖ ಸುಣ್ಣ ಬಳಿದ ಗೋಡೆಯಾಯಿತು. ಈ ಕಾರೇ ಆಗಬೇಕೆಂದು ಹಟ ಹಿಡಿದು ಆರಿಸಿದ್ದವನು ಅವನೇ.

"ಕೊಲ್ತೀನಿ ನಿನ್ನ," ಎಂದು ಪಿಸುಗುಟ್ಟಿದ.

"ಸಭೆ ಮುಗಿದ ಮೇಲೆ ಕೊಲ್ಲಿ ಸಾರ್. ಈಗ ಏರು ಬಂತು."

ಏರಿನ ನಡುವೆ ದೀಪಗಳೆಲ್ಲ ಆರಿದವು. ಕಾರು ನಿಂತಿತು. ಸಹಾಯಕ ಬೆಕ್ಕಿನಂತೆ ಇಳಿದ. ಹಿಂದೆ ಜೀಪಿನಲ್ಲಿ ಬರುತ್ತಿದ್ದ ಪೊಲೀಸರಿಗೆ ಬಾಯಿಗೆ ಬೆರಳಿಟ್ಟು ಸನ್ನೆ ಮಾಡಿದ. ಇಳಿದು ಬಂದು ಎಲ್ಲರೂ ಹಲ್ಲು ಕಚ್ಚಿ ತಳ್ಳಿದರು. ಕಲ್ಲಾಗಿದ್ದ ಸ್ಟೇರಿಂಗನ್ನು ಡೀಸೆಲಣ್ಣ ಎರಡೂ ಕೈಯಲ್ಲಿ ತಬ್ಬಿಕೊಂಡ. ಕಾರು ಮೆಲ್ಲಗೆ ಏರು ದಾಟಿ, ಇಳಿಜಾರು ಹಿಡಿದು ತಾನಾಗಿ ಜಾರತೊಡಗಿತು.

ಮಂತ್ರಿಗಳು ಕಣ್ಣು ಬಿಟ್ಟರು. "ಏನಯ್ಯಾ, ಹೋಗ್ತಾ ಇದೀವಾ?"

"ಹೋಗ್ತಾ ಇದೀವಿ ಸಾರ್."

"ಒಂಚೂರೂ ಸದ್ದಿಲ್ವಲ್ಲೋ! ಹೂವಿನ ಮೇಲೆ ಕೂತ ಹಾಗಿದೆ. ನಿನ್ನ ಪಕ್ಕ ಕೂತಿದ್ದವನೆಲ್ಲಿ?"

"ಹಿಂದೆ... ಬರ್ತಿದಾರೆ ಸಾರ್."

"ಭೇಷ್. ಸಂಜೆ ಬಂದು ನೋಡು. ನಿನ್ನ ಕೆಲಸ ಕಾಯಂ."

ಡೀಸೆಲಣ್ಣನ ಕಣ್ಣು ಮಂಜಾಯಿತು. ಇಳಿಜಾರು ಮುಗಿಯುವಲ್ಲೇ ಸಭೆಯ ಶಾಮಿಯಾನ. ಅವತ್ತು ಉದ್ಘಾಟನೆಯಾಗಬೇಕಿದ್ದದ್ದು ದೇಶದ ಮೊದಲ ಸರ್ಕಾರಿ ಚಾರ್ಜಿಂಗ್ ಕೇಂದ್ರ! ವೈರು ಸಿಕ್ಕಿಸಿದರೆ ಮುಗಿಯಿತು, ಬದುಕಿದೆ ಎಂದುಕೊಂಡ. ಮಂತ್ರಿಗಳು ಹಾರಕ್ಕೆ ಕೊರಳೊಡ್ಡುತ್ತಿದ್ದಂತೆ ಕೇಂದ್ರದ ಇಂಜಿನಿಯರನ ಬಳಿಗೆ ಓಡಿದ.

"ಸಾರ್, ಬೇಗ ಚಾರ್ಜಿಗೆ ಹಾಕಿ. ಖಾಲಿ ಆಗಿದೆ."

ಇಂಜಿನಿಯರು ಕುರ್ಚಿ ಹಿಡಿದುಕೊಂಡ. "ಖಾಲಿನಾ? ಅಯ್ಯೋ ಪುಣ್ಯಾತ್ಮ! ಕೇಂದ್ರಕ್ಕೆ ಇನ್ನೂ ಕರೆಂಟೇ ಕೊಟ್ಟಿಲ್ಲ ಕಣೋ. ನಮ್ಮ ಇಲಾಖೆ ಒಪ್ಪಿಗೆನೇ ಬಂದಿಲ್ಲ. ನಿನ್ನ ಕಾರಿನ ಬ್ಯಾಟರಿಯಿಂದಲೇ ಬೋರ್ಡು ಹೊತ್ತಿಸೋಣ ಅಂತಿದ್ವಿ. ಭಾಷಣದಲ್ಲೂ ಹಾಗೇ ಬರೆದುಕೊಟ್ಟಿದೀನಿ!"

ಇಬ್ಬರೂ ಸುತ್ತ ಕಣ್ಣಾಡಿಸಿದರು. ವೇದಿಕೆಯ ಪರದೆಯ ಹಿಂದೆ ಶಾಮಿಯಾನದವನ ಹಳೆಯ ಜನರೇಟರ್ ಒಂದಿತ್ತು. ಟ್ಯಾಂಕು ಒಣಗಿತ್ತು.

"ಡೀಸೆಲ್?" ಎಂದ ಇಂಜಿನಿಯರು.

ಡೀಸೆಲಣ್ಣ ಪೈಪಿನ ತುಂಡು ಹುಡುಕಿ, ಹಿಂದೆಯೇ ಬಂದು ನಿಂತಿದ್ದ ಪೊಲೀಸ್ ಜೀಪಿನ ಟ್ಯಾಂಕಿಗಿಳಿಸಿ ಬಾಯಿಟ್ಟು ಎಳೆದ. ಮೊದಲ ಗುಟುಕು ಗಂಟಲಿಗೇ ಹೋಯಿತು. ಕೆಮ್ಮುತ್ತ, ಉಗುಳುತ್ತ, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು ಕ್ಯಾನು ತುಂಬಿಸಿ ಜನರೇಟರಿಗೆ ಸುರಿದ; ಗುಂಡಿ ಒತ್ತುವಾಗ ಚಾಲೂ ಮಾಡಲು ಶಾಮಿಯಾನದವನಿಗೆ ಹೇಳಿ ಕಾರಿನ ಬಳಿಗೆ ಓಡಿದ. ವೇದಿಕೆಯಿಂದ ಮಂತ್ರಿಗಳ ದನಿ ಮೊಳಗುತ್ತಿತ್ತು: "ಒಂದು ಹನಿ ಎಣ್ಣೆಯಿಲ್ಲದೆ, ನನ್ನ ಈ ಕಾರಿನ ಬ್ಯಾಟರಿಯಿಂದಲೇ ಈಗ ಈ ಫಲಕ ಬೆಳಗಲಿದೆ!"

ಗುಂಡಿ ಒತ್ತಿದರು. ಬೋರ್ಡು ಝಗ್ಗನೆ ಹೊತ್ತಿತು. ಅದರೊಂದಿಗೇ ಪರದೆಯ ಹಿಂದೆ ಗಡಗಡ ಗುಡುಗು ಎದ್ದು, ಮುಂದಿನ ಸಾಲಿನವರ ಚಹಾ ಲೋಟಗಳು ನಡುಗಿದವು.

ಮಂತ್ರಿಗಳು ಮೈಕು ಮುಚ್ಚಿ ಬಗ್ಗಿದರು. "ಏನ್ರೀ ಅದು ಸದ್ದು?"

ವೇದಿಕೆಯ ಕೆಳಗಿದ್ದ ಇಂಜಿನಿಯರು ಲೆಕ್ಕ ಹಾಕಿದ. ಜನರೇಟರ್ ಎಂದರೆ ತನ್ನ ಕೆಲಸ ಹೋಯಿತು. "ಅದು... ಕಾರು ಸಾರ್."

"ಕಾರಾ? ಬರೋವಾಗ ಉಸಿರೆತ್ತಿರಲಿಲ್ಲವಲ್ರೀ!"

ಮಂತ್ರಿಗಳು ದಡದಡ ಇಳಿದು ಪರದೆಯ ಪಕ್ಕದಲ್ಲೇ ನಿಂತಿದ್ದ ಕಾರಿನತ್ತ ಬಂದರು. ಅದರ ಪಕ್ಕದಲ್ಲಿ ಬಾಯಿ ಒರೆಸಿಕೊಳ್ಳುತ್ತ ನಿಂತಿದ್ದ ಡೀಸೆಲಣ್ಣ ಕೈಮುಗಿದು ಹಲ್ಲು ಬಿಟ್ಟ. ಮಂತ್ರಿಗಳ ಮೂಗು ಅರಳಿತು. ಅವನ ಅಂಗಿ ಮೂಸಿದರು. ಬಾಯಿ ಮೂಸಿದರು. ಕಾಲ ಬಳಿಯಿದ್ದ ಕ್ಯಾನು ನೋಡಿದರು. ಅವರಿಗೆ ಎಲ್ಲವೂ ಸ್ಪಷ್ಟವಾಯಿತು.

"ಅಯ್ಯೋ ನಿನ್ನ! ಹಳೇ ಚಾಳಿ ಬಿಡಲಿಲ್ವಲ್ಲೋ! ಕರೆಂಟ್ ಕಾರಿಗೂ ಡೀಸೆಲ್ ಹಾಕಿದೀಯಲ್ಲೋ!"

ಡೀಸೆಲಣ್ಣ ಇಂಜಿನಿಯರನನ್ನು ನೋಡಿದ. ಇಂಜಿನಿಯರು ಆಕಾಶ ನೋಡಿದ. ಡೀಸೆಲಣ್ಣ ಸಹಾಯಕನತ್ತ ತಿರುಗಿದ. ಜೀಪು ತಪ್ಪಿ ಓಡಿಕೊಂಡೇ ಬಂದು, ಏದುಸಿರು ಬಿಡುತ್ತ ಆಗಷ್ಟೇ ತಲುಪಿದ್ದ ಸಹಾಯಕ ಬೇಗ ಬೇಗ ತಲೆಯಾಡಿಸಿದ. "ನಾನು ಆಗಲೇ ಅಂದುಕೊಂಡೆ ಸಾರ್, ಇವನದೇ ಕೆಲಸ ಅಂತ."

"ಇವನನ್ನ ವಾಪಸ್ ಹಳೇ ಡೀಸೆಲ್ ಕಾರಿಗೇ ಹಾಕ್ರೀ!"

ಹಳೇ ಕಾರು ಮುಂದಿನ ವಾರ ಹರಾಜಿಗೆ. ಡೀಸೆಲಣ್ಣ ತೆಪ್ಪಗೆ ಕೀಲಿ ಒಪ್ಪಿಸಿದ. ಹೋಗುವ ಮುನ್ನ ಅಭ್ಯಾಸಬಲದಿಂದ ಒಮ್ಮೆ ಬಗ್ಗಿ ಕಾರಿಗೆ ಕಿವಿಗೊಟ್ಟ. ಸದ್ದಿರಲಿಲ್ಲ. ಇವತ್ತು ಮಾತ್ರ ನಿಜವಾಗಿಯೂ ಬಂದ್ ಆಗಿತ್ತು.